ಬಹುವಿಧ ಅಂಗವೈಕಲ್ಯವುಳ್ಳ ಮಕ್ಕಳ ಶಾಲೆಯ ಕುರಿತು ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಉತ್ತರ ಕನ್ನಡ ಜಿಲ್ಲೆಯ ಹಳ್ಳಿಯೊಂದರಲ್ಲಿರುವ ನಮ್ಮ ಒಂಬತ್ತು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿಯ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಜೊತೆಗೆ ದೃಷ್ಟಿಮಾಂದ್ಯವೂ ಶ್ರವಣದೋಷವೂ ಇವೆ. ಕಿವಿ ಸರಿಯಾಗಿ ಕೇಳಿಸದೆಂದು ಅಂಧ ಮಕ್ಕಳ ಶಾಲೆಯೊಂದು, ಸಂಜ್ಞೆಗಳು ಕಣ್ಣಿಗೆ ಕಾಣವೆಂದು ಕಿವುಡು ಮಕ್ಕಳ ಶಾಲೆಯೊಂದು ಅವಳನ್ನು ಸೇರಿಸಿಕೊಳ್ಳಲಿಲ್ಲ. ಊರಿನ ಶಾಲೆ ಹೆಸರು ಬರೆದುಕೊಂಡಿತಾದರೂ ಗೃಹಾಧಾರಿತ ಶಿಕ್ಷಣವೇ ಸೂಕ್ತವೆಂದು ಹೇಳಿ ಕಳುಹಿಸಿತು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಬಹುವಿಧ ವೈಕಲ್ಯವೂ ಒಂದು. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗು ನೆರೆಹೊರೆಯ ಶಾಲೆಯಲ್ಲಾಗಲಿ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಓದಬಹುದೆಂದು ಅದರ 31ನೇ ಕಲಂ ಹೇಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಮನೆಯಲ್ಲಿ ಕಲಿಯುವ ಅವಕಾಶವನ್ನೂ ಸೇರಿಸಿತು. ಪದೇ ಪದೇ ಮೂರ್ಛೆ ಬರುವ ಮಗುವಿಗೆ ಅದು ನಿಜಕ್ಕೂ ಬೇಕು. ಆದರೆ ಅದು ಮಗುವಿಗಿರುವ ಆಯ್ಕೆಯೇ ಹೊರತು ಶಾಲೆಗೆ ಕೊಟ್ಟ ವಿನಾಯಿತಿಯಲ್ಲ.

ನಮ್ಮೂರಿನ ಶಿಕ್ಷಕಿಯನ್ನು ದೂರುವ ಉದ್ದೇಶ ನನಗಿಲ್ಲ. ನಲಿಕಲಿಯ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುವವರು ಒಂದು ಮಗುವಿಗೆ, ಅನ್ನ ಶ್ವಾಸನಾಳಕ್ಕೆ ಹೋಗದಂತೆ, ನಿಧಾನವಾಗಿ ಉಣಿಸುವುದಾಗಲಿ ಬಟ್ಟೆ ಬದಲಿಸುವುದಾಗಲಿ ಸಾಧ್ಯವಿಲ್ಲ. ಕಲಿಕೆಯ ತೊಡಕು ಇದಕ್ಕಿಂತ ಸಣ್ಣದು ಎಂದರೆ ತಮಗೆ ಅಚ್ಚರಿಯಾದೀತು. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲೇರುವ ನಲಿಕಲಿಯಲ್ಲಿ, ದಪ್ಪ ಅಕ್ಷರದ ಕಾರ್ಡುಗಳೂ ಬೆನ್ನಿಗೆ ಆಧಾರವಿರುವ ಕುರ್ಚಿಯೂ ಕೈ ಹಿಡಿದು ಸಂಜ್ಞೆ ಕಲಿಸುವವರೂ ಇದ್ದರೆ, ನನ್ನ ಮಗಳಿಗೆ ಜಾಗವಿದೆ. ಇಲ್ಲದಿರುವುದು ಸಹಾಯಕಿಯೊಬ್ಬಳು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂತಹ ಮಗುವಿಗೆ ವರ್ಷಕ್ಕೆ ನಿಗದಿಯಾಗಿರುವ 3,500 ರೂಪಾಯಿ ಒಬ್ಬ ಸಹಾಯಕಿಯ ಒಂದು ತಿಂಗಳ ಸಂಬಳಕ್ಕೂ ಸಾಲದು. ಹಾಗಾಗಿ ತಾಯಂದಿರು ಕೂಲಿ ಬಿಟ್ಟು ಶಾಲೆಯ ಜಗಲಿಯಲ್ಲಿ ಕೂರುತ್ತಾರೆ, ಇಲ್ಲವೇ ಮಗು ಮನೆಯಲ್ಲೇ ಉಳಿಯುತ್ತದೆ.

ಮನೆಗೆ ಬಂದು ಕಲಿಸಬೇಕಾದ ಬಿಐಇಆರ್‌ಟಿ (ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ) ಶಿಕ್ಷಕರು ಘಟ್ಟದ ಮೇಲೂ ಕೆಳಗೂ ಚದುರಿದ ಹಳ್ಳಿಗಳನ್ನು ಸುತ್ತಬೇಕು. ವಿಶೇಷ ಶಿಕ್ಷಕರ ತರಬೇತಿಯೂ ಬಹುಮಟ್ಟಿಗೆ ಒಂದೊಂದು ವೈಕಲ್ಯಕ್ಕೆ ಸೀಮಿತ. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇದರ ಮೇಲೆ, ಸಾಮಾನ್ಯ ಶಾಲೆಗಳು ತಮ್ಮ ಇಲಾಖೆಯಲ್ಲಿವೆ, ವಿಶೇಷ ಶಾಲೆಗಳು ವಿಕಲಚೇತನರ ಸಬಲೀಕರಣ ಇಲಾಖೆಯಲ್ಲಿವೆ, ಫಿಸಿಯೋಥೆರಪಿ ಆರೋಗ್ಯ ಇಲಾಖೆಯಲ್ಲಿದೆ. ಮಗು ಮಾತ್ರ ಒಂದೇ.

ಹೊಸ ಕಟ್ಟಡ ಬೇಕೆಂದು ನಾನು ಕೇಳುತ್ತಿಲ್ಲ. ದೂರದ ವಸತಿ ಶಾಲೆಗೆ ಇಷ್ಟು ಚಿಕ್ಕ ಮಗುವನ್ನು ಕಳುಹಿಸುವ ಮನಸ್ಸೂ ನನಗಿಲ್ಲ. ಬಹುವಿಧ ವೈಕಲ್ಯವುಳ್ಳ ಮಗು ದಾಖಲಾಗಿರುವ ಶಾಲೆಗೆ ಅದೇ ಊರಿನ ಮಹಿಳೆಯೊಬ್ಬರನ್ನು ತರಬೇತಿ ಕೊಟ್ಟು ವೇತನದ ಮೇಲೆ ನೇಮಿಸಬೇಕು. ಪೋಷಕರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಗೃಹಾಧಾರಿತ ಶಿಕ್ಷಣಕ್ಕೆ ವರ್ಗಾಯಿಸಬಾರದು, ಒಪ್ಪಿದ ಮನೆಗಳಲ್ಲಿ ಶಿಕ್ಷಕರ ಪ್ರತಿ ಭೇಟಿಗೂ ಪೋಷಕರ ಸಹಿ ಪಡೆಯಬೇಕು. ಮೂರೂ ಇಲಾಖೆಗಳ ಪರವಾಗಿ ಆ ಮಗುವಿಗೆ ಉತ್ತರ ಹೇಳುವ ಅಧಿಕಾರಿಯೊಬ್ಬರನ್ನು ತಾಲ್ಲೂಕು ಮಟ್ಟದಲ್ಲಿ ಗೊತ್ತುಪಡಿಸಿ, ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಜಂಟಿ ಆದೇಶ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ತಾಯಿ
ಉತ್ತರ ಕನ್ನಡ ಜಿಲ್ಲೆ