ಮಾನಿಟರ್ ಮೂರಾದರೆ ಜಿಬಿ ಎಣಿಸಬೇಡಿ, ಪೋರ್ಟ್ ಎಣಿಸಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ಹೊಸ ಮೊಬೈಲ್ ಬಗ್ಗೆ ಬರುವಷ್ಟು ಆಫೀಸಿನ ಕಂಪ್ಯೂಟರ್ ಬಗ್ಗೆ ಬರುವುದಿಲ್ಲ, ಅದಕ್ಕೇ ಈ ಕಾಗದ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಅಕೌಂಟ್ಸ್ ಆಫೀಸಿದೆ. ಒಂದು ಸ್ಕ್ರೀನಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್, ಮೂರನೆಯದರಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್. ರಿಟರ್ನ್ ಸಲ್ಲಿಸುವ 20ನೇ ತಾರೀಕು ಹತ್ತಿರ ಬಂತೆಂದರೆ ಮೂರೂ ಕಣ್ಣೆದುರೇ ಇರಬೇಕು, ಇಲ್ಲದಿದ್ದರೆ ಒಂದನ್ನು ಮುಚ್ಚಿ ಇನ್ನೊಂದನ್ನು ತೆಗೆಯುವುದರಲ್ಲೇ ರಾತ್ರಿಯಾಗುತ್ತದೆ.

ಎರಡಿದ್ದ ಮಾನಿಟರ್ ಮೂರು ಮಾಡೋಣ ಅಂತ ಅಂಗಡಿಗೆ ಹೋದೆ. ಮೊದಲು ಕೊಟ್ಟಿದ್ದು ಒಂದು ಎಚ್‌ಡಿಎಂಐ ಸ್ಪ್ಲಿಟರ್. ತಂದು ಹಾಕಿದರೆ ಹಳೆಯದರಲ್ಲೂ ಟ್ಯಾಲಿ, ಹೊಸದರಲ್ಲೂ ಅದೇ ಟ್ಯಾಲಿ! ಸ್ಪ್ಲಿಟರ್ ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆ, ಅಷ್ಟೇ. ಮದುವೆ ಛತ್ರದಲ್ಲಿ ಮುಹೂರ್ತವನ್ನು ಊಟದ ಹಾಲಿನ ಟಿವಿಯಲ್ಲೂ ತೋರಿಸುತ್ತಾರಲ್ಲ, ಅದಕ್ಕೆ ಸರಿ.

ವಾಪಸ್ ಹೋದೆ. "ಸಾರ್, 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡಿ, ಎಸ್‌ಎಂಪಿಎಸ್ಸೂ ದೊಡ್ಡದು ಬೇಕಾಗುತ್ತೆ" ಅಂದರು. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ. ತೋರಿಸಿದ್ದು ಮೂರು ಫ್ಯಾನಿನ ಗೇಮಿಂಗ್ ಕಾರ್ಡ್. ನನ್ನ ಕ್ಯಾಬಿನೆಟ್‌ನೊಳಗೆ ಅದು ಕೂರುವುದೇ ಇಲ್ಲ, ಆ ಮಾತು ಬೇರೆ.

ಲೆಕ್ಕ ಬರೆಯುವವನು ಅಲ್ವಾ, ಮನೆಗೆ ಬಂದು ಲೆಕ್ಕ ಹಾಕಿದೆ. ಫುಲ್ ಎಚ್‌ಡಿ ಸ್ಕ್ರೀನ್ ಅಂದರೆ 1920 ಗುಣಿಸು 1080, ಸುಮಾರು 20.7 ಲಕ್ಷ ಚುಕ್ಕೆ. ಚುಕ್ಕೆಗೆ 4 ಬೈಟ್ ಹಿಡಿದರೆ ಒಂದು ಸ್ಕ್ರೀನಿಗೆ ಬೇಕಾದ ಮೆಮೊರಿ 8 ಎಂಬಿ ಚಿಲ್ಲರೆ. ಮೂರಕ್ಕೆ 25 ಎಂಬಿ! ವಿಂಡೋಸು, ಬ್ರೌಸರು ತಮ್ಮ ಪಾಲು ಕೇಳುತ್ತವೆ ನಿಜ, ಆದರೂ ಲೆಡ್ಜರ್ ನೋಡುವವನಿಗೆ 2 ಜಿಬಿಯೇ ಧಾರಾಳ.

ಅಸಲಿಗೆ ಕೊರತೆ ಇದ್ದದ್ದು ಹಿಂದುಗಡೆ. ಟೇಬಲ್ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದರೆ ಮದರ್‌ಬೋರ್ಡಿನಲ್ಲಿ (ಒಳಗಿನ ಮುಖ್ಯ ಬೋರ್ಡಿನಲ್ಲಿ) ಮಾನಿಟರ್ ಕೇಬಲ್ ಸಿಕ್ಕಿಸುವ ಪೋರ್ಟ್ ಎರಡೇ: ಒಂದು ಹಳೇ ಮಾದರಿಯ ವಿಜಿಎ, ಒಂದು ಎಚ್‌ಡಿಎಂಐ, ಮುಗೀತು. ಇಂಟೆಲ್‌ನ ಪ್ರೊಸೆಸರ್‌ಗಳು 2012ರ ಮೂರನೇ ಜನರೇಷನ್‌ನಿಂದಲೇ ಮೂರು ಸ್ಕ್ರೀನ್ ನಡೆಸಬಲ್ಲವು, ಆದರೆ ಅಗ್ಗದ ಬೋರ್ಡುಗಳಲ್ಲಿ ಎರಡೇ ಪೋರ್ಟ್ ಇರುತ್ತವೆ. ಹೊಸದಾಗಿ ಕೊಳ್ಳುವವರು ಮೂರು ಪೋರ್ಟಿನ ಬೋರ್ಡನ್ನೇ ಕೇಳಿದರೆ ಕಾರ್ಡೇ ಬೇಡವಾಗಬಹುದು. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಮಾತ್ರ ಹುಷಾರು, ಅದರಲ್ಲಿ ಸ್ಕ್ರೀನ್ ನಡೆಸುವ ಗ್ರಾಫಿಕ್ಸೇ ಇರುವುದಿಲ್ಲ.

ಕೊನೆಗೆ ನಾನು ತಂದದ್ದು ಎನ್‌ವಿಡಿಯಾ ಟಿ400 ಅನ್ನುವ ಸಣ್ಣ ಗ್ರಾಫಿಕ್ಸ್ ಕಾರ್ಡ್. ಅಂಗೈಗಿಂತ ಸ್ವಲ್ಪ ಉದ್ದ, ಹಿಂದೆ ಮಿನಿ ಡಿಸ್‌ಪ್ಲೇಪೋರ್ಟ್ ಅನ್ನುವ ಮಾದರಿಯ ಮೂರು ಪೋರ್ಟ್. ತಿನ್ನುವುದು 30 ವ್ಯಾಟ್, ಕಾರ್ಡ್ ಕೂರುವ ಸ್ಲಾಟೇ 75 ವ್ಯಾಟ್ ಕೊಡುತ್ತದೆ, ಹಾಗಾಗಿ ಬೇರೆ ಪವರ್ ವೈರೂ ಬೇಡ, ಎಸ್‌ಎಂಪಿಎಸ್ ಬದಲಿಸುವ ಮಾತೂ ಇಲ್ಲ. ನಾಲ್ಕು ಮಾನಿಟರ್ ಇರುವವರಿಗೆ ಇದರ ಅಣ್ಣ ಟಿ600 ಇದೆ.

ಇಷ್ಟಾದರೂ ತಲೆನೋವು ತಪ್ಪಲಿಲ್ಲ. ಒಂದು ಕೇಬಲ್ ಮರೆತು ಮದರ್‌ಬೋರ್ಡಿನಲ್ಲೇ ಉಳಿದಿತ್ತು, ಆ ಮಾನಿಟರ್ ಕತ್ತಲೆ. ಸತ್ತೇ ಹೋಯಿತು ಅಂದುಕೊಂಡು ಅರ್ಧ ದಿನ ಕಳೆದೆ. ಕಾರ್ಡ್ ಹಾಕಿದ ಮೇಲೆ ಬೋರ್ಡಿನ ಪೋರ್ಟುಗಳು ತಾವಾಗಿ ಬಂದ್ ಆಗುವುದು ಮಾಮೂಲಂತೆ, ಬೇಕಿದ್ದರೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗೆ) ಹೋಗಿ ಆನ್ ಮಾಡಬೇಕು. ಕೇಬಲ್ಲಿನದು ಇನ್ನೊಂದು ಕಥೆ. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಒನ್ ವೇ ರಸ್ತೆ ಇದ್ದ ಹಾಗೆ, ತಿರುಗಿಸಿ ಹಾಕಿದರೆ ನಡೆಯುವುದಿಲ್ಲ. ವಿಜಿಎ ಮಾತ್ರ ಇರುವ ಹಳೇ ಮಾನಿಟರಿಗೆ ಬರೀ ಕೇಬಲ್ ಸಾಲದು, ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು. ಕಾರ್ಡ್ ಮಾರುವವರು ಇದನ್ನೂ ಜೊತೆಗೇ ಹೇಳಿದ್ದರೆ ನನಗೆ ಎರಡು ಸಲ ಪೇಟೆಗೆ ಓಡುವುದು ತಪ್ಪುತ್ತಿತ್ತು.

ಅಂಗಡಿಯವರಲ್ಲಿ ನನ್ನ ಕೋರಿಕೆ ಇಷ್ಟೇ: ಕೊಟೇಷನ್‌ನಲ್ಲಿ ಜಿಬಿಯನ್ನು ದಪ್ಪಕ್ಷರದಲ್ಲಿ ಬರೆಯುತ್ತೀರಲ್ಲ, ಪಕ್ಕದಲ್ಲಿ ಯಾವ ಪೋರ್ಟ್ ಎಷ್ಟಿವೆ ಅಂತಲೂ ಬರೆಯಿರಿ. ಅದಕ್ಕೂ ಮೊದಲು ಗಿರಾಕಿಯ ಮಾನಿಟರ್ ಹಿಂದೆ ಏನಿದೆ ಅಂತ ಒಂದು ಫೋಟೋ ತರಿಸಿಕೊಳ್ಳಿ.

ಆ ಸ್ಪ್ಲಿಟರ್ ಇನ್ನೂ ಡ್ರಾಯರ್‌ನಲ್ಲೇ ಬಿದ್ದಿದೆ. ಛತ್ರದವರು ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಟ್ಟುಬಿಡುತ್ತೇನೆ.

— ಒಬ್ಬ ಅಕೌಂಟೆಂಟ್, ದಾವಣಗೆರೆ