ಪಂಚಾಯಿತಿಗೂ ನಕ್ಷೆ ದೊರೆಯಲಿ

ಹಳ್ಳಿಯ ಮನೆ, ನಿವೇಶನಗಳ ಮಾಲೀಕತ್ವ ದಾಖಲಿಸಲು 2020ರಲ್ಲಿ ಆರಂಭವಾದ ಕೇಂದ್ರದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಸಮೀಕ್ಷೆಯಿಂದ ಸಿದ್ಧವಾಗುವ ಗ್ರಾಮ ನಕ್ಷೆಗಳು ಆಸ್ತಿ ಕಾರ್ಡ್ ವಿತರಣೆಗಷ್ಟೇ ಸೀಮಿತವಾಗದೆ, ಗ್ರಾಮ ಪಂಚಾಯಿತಿಗಳ ದೈನಂದಿನ ಬಳಕೆಗೂ ದೊರೆಯಬೇಕು. ಕುಡಿಯುವ ನೀರಿನ ಪೈಪ್‌ಲೈನ್, ಚರಂಡಿ ಕಾಮಗಾರಿಗಳನ್ನು ಯೋಜಿಸಲು ಇಂತಹ ನಿಖರ ನಕ್ಷೆ ಬಹಳ ಉಪಯುಕ್ತ. ಕೆಳಗಿನಿಂದ ಮೇಲಕ್ಕೆ ಮಾಹಿತಿ ಸಾಗುವುದು ಇದಕ್ಕಿಂತಲೂ ಮುಖ್ಯ. ರಾಜ್ಯ ಸರ್ಕಾರದ ಭೂ ನಕ್ಷೆ ಆ್ಯಪ್ ದಿಶಾಂಕ್, ಸರ್ವೆ ನಂಬರ್, ಕೆರೆ, ರಾಜಕಾಲುವೆಗಳನ್ನು ಹಳೆಯ ಗ್ರಾಮ ನಕ್ಷೆಗಳ ಆಧಾರದಲ್ಲಿ ತೋರಿಸುತ್ತದೆಯಾದರೂ, ಆನಂತರ ತಲೆಯೆತ್ತಿದ ಬಡಾವಣೆ, ಹೊಸ ರಸ್ತೆ, ಒತ್ತುವರಿಯಾದ ಕಾಲುವೆಯ ವಿಚಾರ ಮೊದಲು ತಿಳಿಯುವುದು ಊರಿನ ಪಿಡಿಒ, ನೀರಗಂಟಿಗಳಿಗೇ ಹೊರತು ರಾಜಧಾನಿಯ ಅಧಿಕಾರಿಗಳಿಗಲ್ಲ. ಪಂಚಾಯಿತಿ ಸೂಚಿಸುವ ತಿದ್ದುಪಡಿಯನ್ನು ಸರ್ವೆ ಇಲಾಖೆ ಸ್ಥಳ ಪರಿಶೀಲಿಸಿ, ನಿಗದಿತ ಅವಧಿಯೊಳಗೆ ಮೂಲ ನಕ್ಷೆಗೆ ಸೇರಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರ ರೂಪಿಸಬೇಕು. ಮಾಲೀಕರ ಖಾಸಗಿ ವಿವರಗಳನ್ನು ಹೊರತುಪಡಿಸಿ ಆ ನಕ್ಷೆಯನ್ನು ಗ್ರಾಮಸಭೆಯ ಮುಂದಿಡಬೇಕು.