ಸೊಂಟದ ಹೋಲ್‌ಸ್ಟರನ್ನೂ ಒಮ್ಮೆ ನೋಡಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಸೈನ್ಯದಿಂದ ನಿವೃತ್ತನಾಗಿ ಅಂಕೋಲೆಯಲ್ಲಿ ನೆಲೆಸಿದವನು. ಆಯುಧ ಪರವಾನಗಿ ತಮ್ಮ ಸಹಿಯಿಂದಲೇ ಸಿಗುವುದರಿಂದ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಕಳೆದ ಆಷಾಢದ ಒಂದು ಸಂಜೆ ನನ್ನ ಭಾವ ಜಗಲಿಯಲ್ಲಿ ನಿಂತು, ಮಳೆಗೆ ತೊಯ್ದ ಪಿಸ್ತೂಲನ್ನು ಒರೆಸಿ ಹೋಲ್‌ಸ್ಟರಿಗೆ, ಅಂದರೆ ಸೊಂಟಕ್ಕೆ ಕಟ್ಟುವ ಅದರ ಚೀಲಕ್ಕೆ, ತುರುಕಿದ. ಗುಂಡು ಹಾರಿತು. ಪಾದದಿಂದ ಒಂದು ಗೇಣು ಆಚೆ ಗಾರೆ ಕಿತ್ತುಬಂತು. ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಲು ಮರೆತದ್ದು ಅವನ ತಪ್ಪು, ನಿಜ. ಆದರೆ ಬೆರಳು ಟ್ರಿಗರ್ ಮುಟ್ಟಿರಲಿಲ್ಲ. ಹೋಲ್‌ಸ್ಟರ್ ಬಿಚ್ಚಿ ನೋಡಿದೆ: ನಾಲ್ಕು ಮಳೆಗಾಲ ಕಂಡ ತೊಗಲು, ಬೂಷ್ಟು ಹಿಡಿದು ಹಳೇ ಚಪ್ಪಲಿಯಂತೆ ಮೆತ್ತಗಾಗಿತ್ತು. ಬಾಯಿಯ ಅಂಚು ಒಳಕ್ಕೆ ಮಡಚಿ ಟ್ರಿಗರಿಗೆ ಸಿಕ್ಕಿಕೊಂಡಿತ್ತು. ಅಕ್ಕ ಆಗತಾನೇ ಅಲ್ಲಿಂದ ಎದ್ದು ಒಳಗೆ ಹೋಗಿದ್ದಳು. ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ.

ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರುಗಳನ್ನು ಹೋಲ್‌ಸ್ಟರಿನಂಥ ಚೀಲದಲ್ಲಿ ಮುಚ್ಚಿಯೇ ಒಯ್ಯಬೇಕೆಂದು 2016ರ ಆಯುಧ ನಿಯಮಗಳು ಹೇಳುತ್ತವೆ. ಆದರೆ ನಾನು ಪರವಾನಗಿ ನವೀಕರಣಕ್ಕೆ ಹೋದಾಗಲೆಲ್ಲ ಆಯುಧದ ನಂಬರು, ತೋಟೆಗಳ ಲೆಕ್ಕ ಕೇಳಿದರೇ ಹೊರತು ಹೋಲ್‌ಸ್ಟರ್ ತೋರಿಸಿ ಎಂದವರಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣವೇ ಉಳಿಯುವುದಿಲ್ಲ, ತೊಗಲು ಎಷ್ಟು ದಿನ ಬಾಳೀತು?

ಪರೀಕ್ಷೆಗೆ ಎರಡೇ ನಿಮಿಷ ಸಾಕು. ಖಾಲಿ ಮಾಡಿದ ಆಯುಧವನ್ನು ಒಳಗಿಟ್ಟು ಹೊರಗಿನಿಂದ ಒತ್ತಬೇಕು. ಟ್ರಿಗರ್ ಅಲುಗಿದರೆ ಆ ಹೋಲ್‌ಸ್ಟರ್ ಕೆಲಸಕ್ಕೆ ಬಾರದು. ಆಯುಧ ಹೊರತೆಗೆದ ಮೇಲೂ ಅದರ ಬಾಯಿ ತೆರೆದೇ ನಿಲ್ಲಬೇಕು. ವಾಪಸ್ ಇಡುವಾಗ ಅವಸರ ಕೂಡದು: ಅಂಗಿಯ ಅಂಚು, ಮಳೆಕೋಟಿನ ದಾರ ಸರಿಸಿ, ಬೆರಳನ್ನು ಟ್ರಿಗರಿನಿಂದ ಆಚೆ ನೆಟ್ಟಗೆ ಚಾಚಿ, ಕಣ್ಣಿಂದ ನೋಡಿಯೇ ಇಡಬೇಕು.

ಇನ್ನೊಂದು ವಿಷಯ. ಚುನಾವಣೆಗೆ ಮೊದಲು ಠಾಣೆಯಲ್ಲಿ ಆಯುಧ ಠೇವಣಿ ಇಡುವ ದಿನ ಮೇಜಿನ ಸುತ್ತ ಜನ ಮುತ್ತಿರುತ್ತಾರೆ. ಕೆಲವರು ಮ್ಯಾಗಜೀನ್, ಅಂದರೆ ತೋಟೆ ತುಂಬಿದ ಡಬ್ಬಿ, ತೆಗೆಯುವ ಮುಂಚೆಯೇ ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡ್ ಎಳೆಯುತ್ತಾರೆ. ಹಾಗೆ ಮಾಡಿದರೆ ಇನ್ನೊಂದು ತೋಟೆ ಹಾರಲು ಸಿದ್ಧವಾಗಿ ನಳಿಗೆಯ ಬುಡದ ಚೇಂಬರಿಗೆ ಬಂದು ಕೂರುತ್ತದೆ, ಅವರು ಖಾಲಿಯಾಯಿತು ಅಂದುಕೊಳ್ಳುತ್ತಾರೆ. ಆಗ ನಳಿಗೆಯು, ಎದುರು ಕೂತು ದಾಖಲೆ ಬರೆಯುವ ಪೊಲೀಸನ ಹೊಟ್ಟೆಗೆ ಮುಖ ಮಾಡಿರುತ್ತದೆ. ಪ್ರತಿ ಠಾಣೆಯಲ್ಲೂ ಮರಳು ತುಂಬಿದ ಒಂದು ಡ್ರಮ್ ಇಡಿಸಿ, ನಳಿಗೆಯನ್ನು ಅದರೊಳಗೆ ತೋರಿಸಿಯೇ ಖಾಲಿ ಮಾಡಿಸಿ.

ನವೀಕರಣದ ತಪಾಸಣೆ ಪಟ್ಟಿಗೆ ಹೋಲ್‌ಸ್ಟರನ್ನೂ ಸೇರಿಸಿ. ಮಳೆಗಾಲ ಹಿಡಿಯುವ ಮುನ್ನ, ಮೇ ತಿಂಗಳಲ್ಲಿ, ಕಾರವಾರದಲ್ಲೊಂದು ಅರ್ಧ ದಿನದ ತರಬೇತಿ ಇಡಿಸಿ. ಸಂಬಳ ಬೇಡ, ಕಲಿಸಲು ನಾನು ಬರುತ್ತೇನೆ. ಭಾವನ ಆ ಹೋಲ್‌ಸ್ಟರನ್ನೂ ತರುತ್ತೇನೆ.

ತಮ್ಮ ವಿಶ್ವಾಸಿ,
ಅಂಕೋಲೆಯ ಒಬ್ಬ ನಿವೃತ್ತ ಸೈನಿಕ